ಗ್ರೂಪಿನಲ್ಲಿದ್ದರೆ ಕೇಸಿನಲ್ಲೂ ಇದ್ದೀರಿ ಅಂತಲ್ಲ

ನಮಸ್ಕಾರ. ಫ್ಲ್ಯಾಟ್ ಬುಕ್ ಮಾಡಿ ವರ್ಷಗಟ್ಟಲೆ ಕಾಯುತ್ತಿರುವವರಿಗೆ ಇವತ್ತು ಒಂದು ಮಾತು ಹೇಳಬೇಕು. ಬಿಲ್ಡರ್ ಕೊಟ್ಟ ತಾರೀಕು ದಾಟಿದೆ. ಒಂದು ಕಡೆ ಬಾಡಿಗೆ, ಇನ್ನೊಂದು ಕಡೆ ಸಾಲದ ಕಂತು. ಅಷ್ಟರಲ್ಲಿ ವಾಟ್ಸಾಪ್ ಗ್ರೂಪಿನಲ್ಲಿ ನಾಲ್ಕು ಜನ "ನಾವು ಎಲ್ಲರ ಪರವಾಗಿ ಕೇಸ್ ಹಾಕ್ತಿದ್ದೀವಿ" ಅಂತಾರೆ, ನೀವು "ಒಳ್ಳೇದಾಗ್ಲಿ" ಅಂತ ಬರೆದು ಸುಮ್ಮನಾಗುತ್ತೀರಿ. ದಯವಿಟ್ಟು ಸುಮ್ಮನಾಗಬೇಡಿ.

ಯಾಕೆ ಅಂತ ಬೆಂಗಳೂರಿನದೇ ಒಂದು ಪ್ರಕರಣ ಹೇಳುತ್ತೇನೆ. 1134 ಮನೆಗಳ ದೊಡ್ಡ ಅಪಾರ್ಟ್‌ಮೆಂಟ್. 51 ಮನೆ ಕೊಂಡ 91 ಜನ ರಾಷ್ಟ್ರೀಯ ಗ್ರಾಹಕರ ಆಯೋಗಕ್ಕೆ ಹೋದರು. ಮನೆ ತಡವಾಗಿದ್ದಕ್ಕೆ ಪರಿಹಾರ ಕೊಡಿಸಿ, ನಮಗಷ್ಟೇ ಅಲ್ಲ, ಕೊಂಡವರೆಲ್ಲರ ಪರವಾಗಿ ಕೇಳುತ್ತಿದ್ದೇವೆ ಅಂದರು. ಆಯೋಗ ಒಪ್ಪಿತು. ಬಿಲ್ಡರ್ ಸುಪ್ರೀಂ ಕೋರ್ಟಿಗೆ ಹೋದರು. 2021ರ ಡಿಸೆಂಬರ್‌ನಲ್ಲಿ ಕೋರ್ಟ್ ಹೇಳಿದ್ದು ಇಷ್ಟು: 1134 ಮನೆಯವರ ಹಿತವೂ ಒಂದೇ ಅಂತ ದೂರಿನಲ್ಲಿ ತೋರಿಸಿಲ್ಲ, ಆದ್ದರಿಂದ ಇದು ದೂರು ಕೊಟ್ಟವರ ಜಂಟಿ ದೂರಾಗಿ ಮಾತ್ರ ನಡೆಯಲಿ.

ಅಂದರೆ ಉಳಿದ ಸಾವಿರಕ್ಕೂ ಹೆಚ್ಚು ಮನೆಯವರು ಆ ಕೇಸಿನಲ್ಲಿ ಇಲ್ಲ. ಅವರಲ್ಲಿ ಎಷ್ಟು ಜನ "ನಮ್ಮದೂ ಸೇರಿದೆ" ಅಂತ ನೆಮ್ಮದಿಯಾಗಿದ್ದರೋ ಅಂತ ಯೋಚಿಸಿದರೆ ಹೊಟ್ಟೆ ಉರಿಯುತ್ತದೆ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಎರಡು ವರ್ಷದ ಗಡುವಿದೆ, ನೆನಪಿರಲಿ.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 35(1)(ಸಿ) ಕಲಮಿನಲ್ಲಿ ಒಬ್ಬರೋ ಕೆಲವರೋ ಎಲ್ಲರ ಪರವಾಗಿ ದೂರು ಕೊಡಬಹುದು. ಆದರೆ ಎಲ್ಲರ ಹಿತವೂ ಒಂದೇ ಇರಬೇಕು, ಆಯೋಗದ ಅನುಮತಿಯೂ ಬೇಕು. ಅನುಮತಿ ಸಿಕ್ಕ ಮೇಲೆ ಉಳಿದವರಿಗೆಲ್ಲ ನೋಟಿಸ್ ಹೋಗಬೇಕು, ಜನ ಜಾಸ್ತಿ ಇದ್ದರೆ ಸಾರ್ವಜನಿಕ ಪ್ರಕಟಣೆ ಕೊಟ್ಟರೂ ಸಾಕು. ಅದನ್ನು ನೋಡಿ ನೀವು "ನನ್ನನ್ನೂ ಸೇರಿಸಿಕೊಳ್ಳಿ" ಅಂತ ಅರ್ಜಿ ಹಾಕಬಹುದು. ಮುಂದೆ ನಿಂತವರು ಬಿಲ್ಡರ್ ಜೊತೆ ರಾಜಿ ಮಾಡಿಕೊಳ್ಳಬೇಕೆಂದರೂ ನಿಮಗೆಲ್ಲ ನೋಟಿಸ್ ಕೊಡಲೇಬೇಕು. ಕೊನೆಗೆ ಬರುವ ಆದೇಶ ನಿಮಗೂ ಅನ್ವಯಿಸುತ್ತದೆ, ಗೆದ್ದರೂ ಸೋತರೂ. ಇಷ್ಟು ದೊಡ್ಡ ವಿಷಯವನ್ನು ಯಾರೋ ನೋಡಿಕೊಳ್ಳುತ್ತಾರೆ ಅಂತ ಬಿಡಬಹುದಾ?

ಹಾಗಾಗಿ ಇವತ್ತೇ ಕೇಸ್ ನಂಬರ್ ಕೇಳಿ. ಇದು ಎಲ್ಲರ ಪರವಾಗಿ ಹಾಕಿದ್ದಾ, ಸಹಿ ಮಾಡಿದವರದ್ದು ಮಾತ್ರವಾ ಅಂತ ವಕೀಲರ ಬಾಯಿಂದಲೇ ಕೇಳಿ. ಸಹಿ ಮಾಡಿದವರದ್ದು ಮಾತ್ರ ಅಂದರೆ ನೀವೂ ಸೇರಿ, ಇಲ್ಲವೇ ಬೇರೆ ದೂರು ಕೊಡಿ. ಒಪ್ಪಂದ ಪತ್ರ, ಹಣ ಕಟ್ಟಿದ ರಸೀದಿ, ಬಿಲ್ಡರ್ ಕಳಿಸಿದ ಇಮೇಲ್, ಕೀ ಕೊಟ್ಟ ದಿನದ ಪತ್ರ ಎಲ್ಲ ಒಂದು ಕಡೆ ಇಟ್ಟುಕೊಳ್ಳಿ, ಯಾಕೆಂದರೆ ಎಷ್ಟು ತಿಂಗಳು ತಡ, ಎಷ್ಟು ದುಡ್ಡು ಸಿಕ್ಕಿಹಾಕಿಕೊಂಡಿತ್ತು ಅನ್ನೋದಕ್ಕೆ ಸಾಕ್ಷಿ ಅವೇ.

ಇನ್ನೊಂದು ವಿಷಯದಲ್ಲಿ ನನಗೆ ನಿಜಕ್ಕೂ ಸಿಟ್ಟಿದೆ. ಪೇಪರಿನ ಮೂಲೆಯಲ್ಲಿ ಬರುವ ಸಣ್ಣ ಅಕ್ಷರದ ಪ್ರಕಟಣೆಯನ್ನು ಈಗ ಯಾರು ಓದುತ್ತಾರೆ? ಕೊಂಡವರ ಫೋನ್ ನಂಬರ್, ಇಮೇಲ್ ಎಲ್ಲ ಬಿಲ್ಡರ್ ಹತ್ತಿರ ಇರುತ್ತದೆ ಅಲ್ವಾ? ಆ ಪಟ್ಟಿಯನ್ನು ಆಯೋಗ ತರಿಸಿಕೊಳ್ಳಲಿ. ಕಂತು ಕಟ್ಟಿ ಅಂತ ಮೆಸೇಜ್ ಬರುವ ಅದೇ ನಂಬರಿಗೆ ಈ ನೋಟಿಸೂ ಬರಲಿ, ಕನ್ನಡದಲ್ಲೂ ಬರಲಿ.