ಮೊದಲು ಕಿವಿ, ಆಮೇಲೆ ಪಾನಾ

ಕೇಳುಗರಿಗೆಲ್ಲ ನಮಸ್ಕಾರ. ಕಾರಿನ ಬಗ್ಗೆ ನಾಲ್ಕು ಮಾತು ಹೇಳಿ ಅಂತ ಧಾರವಾಡ ಆಕಾಶವಾಣಿಯವರು ಕರೆದರು. ನಾನು ಒಂದೇ ಮಾತು ತಂದಿದ್ದೇನೆ. ಬೆಳಗ್ಗೆ ಗಾಡಿ ಚಾಲೂ ಮಾಡಿದ ಕೂಡಲೇ ಬಾನೆಟ್ ಒಳಗಿಂದ ‘ಕೀಂಯ್’ ಅಂತ ಸಣ್ಣ ದನಿ ಏಳುತ್ತದಲ್ಲ, ಓಣಿಯ ಮಂದಿಯೆಲ್ಲ ತಿರುಗಿ ನೋಡುವಂಥದ್ದು, ಆ ಸದ್ದಿನ ಮಾತು. ಅದು ಎಲ್ಲಿಂದ ಬರುತ್ತಿದೆ ಅಂತ ಗೊತ್ತಾಗುವ ತನಕ ಒಂದು ಸಾಮಾನನ್ನೂ ಬದಲಿಸಬೇಡಿ. ಇಷ್ಟೇ.

ಬಾನೆಟ್ ಎತ್ತಿ ನೋಡಿ. ಎಂಜಿನ್ನಿನ ಒಂದು ಬದಿಗೆ ಕರಿ ರಬ್ಬರಿನ ಬೆಲ್ಟ್ ಇರುತ್ತದೆ. ಅದರ ಒಳಮೈಗೆ ನೇಗಿಲ ಸಾಲಿನ ಹಾಗೆ ಉದ್ದಕ್ಕೂ ಗೆರೆಗಳು. ಬ್ಯಾಟರಿ ತುಂಬುವ ಆಲ್ಟರ್ನೇಟರ್ (ಮಂದಿ ಡೈನಮೋ ಅಂತಾರಲ್ಲ, ಅದು), ಎಸಿ ಕಂಪ್ರೆಸರ್, ಎಷ್ಟೋ ಗಾಡಿಗಳಲ್ಲಿ ಎಂಜಿನ್ ತಂಪಾಗಿಡುವ ನೀರಿನ ಪಂಪು, ಎಲ್ಲವನ್ನೂ ತಿರುಗಿಸುವುದು ಅದೇ. ಬೆಲ್ಟ್ ಸುತ್ತಿಕೊಂಡಿರುವ ಚಕ್ರಗಳಿಗೆ ಪುಲ್ಲಿ ಅಂತಾರೆ. ಬೆಲ್ಟ್ ಪುಲ್ಲಿಯ ಮೇಲೆ ಜಾರಿತು ಅಂದರೆ ಕಿರುಚುತ್ತದೆ. ಬೆಳಗ್ಗೆಯೇ ಯಾಕೆ ಜಾಸ್ತಿ? ಸ್ಟಾರ್ಟ್ ಮಾಡುವಾಗ ಬ್ಯಾಟರಿ ಖರ್ಚಾಗಿರುತ್ತದೆ, ಅದನ್ನು ತುಂಬಲು ಆಲ್ಟರ್ನೇಟರ್ ಜೋರಾಗಿ ದುಡಿಯುತ್ತದೆ, ಆ ಭಾರವೆಲ್ಲ ಬೆಲ್ಟಿನ ಮೇಲೆ ಬೀಳುತ್ತದೆ. ಮೇಲೆ ಇಬ್ಬನಿಯ ತೇವ ಬೇರೆ. ಎಸಿ ಹಾಕಿದಾಗ ಕೂಗಿದರೂ ಕಾರಣ ಅದೇ, ಭಾರ.

ಹಾಗಾದರೆ ಬೆಲ್ಟ್ ಬದಲಿಸಿದರೆ ಮುಗೀತು ಅಲ್ವಾ ಅಂತೀರಿ. ಇಲ್ಲ. ಇಲ್ಲೇ ಎಲ್ಲರೂ ಎಡವುವುದು.

ಅಣ್ಣಿಗೇರಿಯಿಂದ ನಮ್ಮ ಗ್ಯಾರೇಜಿಗೆ ಒಬ್ಬ ಮಾಸ್ತರರು ಬಂದಿದ್ದರು, ರಿಟೈರ್ ಆದವರು. ಮಗಳ ಮನೆ ಹುಬ್ಬಳ್ಳಿಯಲ್ಲಿ, ವಾರಕ್ಕೊಮ್ಮೆ ಗದಗ ರೋಡ್ ಹಿಡಿದು ಬರುವವರು. ಗಾಡಿಯಿಂದ ಇಳಿದವರೇ ಹಳೇ ಪೇಪರಿನಲ್ಲಿ ಸುತ್ತಿದ ಎರಡು ಬೆಲ್ಟ್ ನನ್ನ ಕೈಗಿಟ್ಟರು. “ಎರಡು ಬೆಲ್ಟ್ ಹಾಕಿಸೇನ್ರಿ, ಇದು ಮೂರನೇದು. ಡೈನಮೋನೂ ಹೊಸಾದು. ಎಂಟು ದಿನ ಸುಮ್ಮನಿರತೈತಿ, ಮತ್ತ ಗುಬ್ಬಿಗತೆ ಚಿಂವ್ ಚಿಂವ್ ಅಂತೈತ್ರಿ” ಅಂದರು. ಮುಖ ಸಪ್ಪಗಾಗಿತ್ತು. ಸುಮ್ನೆ ಆಗುತ್ತಾ, ಆಲ್ಟರ್ನೇಟರಿನ ದುಡ್ಡು!

ನಾನು ಮೊದಲು ಆ ಹಳೇ ಬೆಲ್ಟ್‌ಗಳನ್ನು ಬೆಳಕಿಗೆ ಹಿಡಿದೆ. ಗೆರೆಗಳು ಹೊಸದರ ಹಾಗೇ ಇದ್ದವು. ಆದರೆ ಎರಡರದ್ದೂ ಒಂದೇ ಅಂಚು ಸವೆದು, ಧೋತರದ ಅಂಚಿನ ಹಾಗೆ ದಾರ ಹೊರಗೆ ಬಂದಿತ್ತು. ಬೆಲ್ಟ್ ನೆಟ್ಟಗೆ ಓಡುತ್ತಿಲ್ಲ, ಎಲ್ಲೋ ಸೊಟ್ಟ ಇದೆ ಅಂತ ಆಗಲೇ ಅನುಮಾನ ಬಂತು.

ಆಮೇಲೆ ನೀರು. ಇದನ್ನು ನೀವೂ ಮನೆಯಲ್ಲೇ ನೋಡಬಹುದು. ಎಂಜಿನ್ ಚಾಲೂ ಇಟ್ಟು, ಬಾಟಲಿಯಿಂದ ಬೆಲ್ಟಿನ ಗೆರೆ ಇರುವ ಮೈಗೆ ನಾಲ್ಕು ಹನಿ ನೀರು ಚಿಮುಕಿಸಿ. ದೂರದಿಂದಲೇ. ಹೆಗಲ ಮೇಲಿನ ಟವೆಲ್, ಶಲ್ಯ, ಸೀರೆಯ ಸೆರಗು ಅದರ ಹತ್ತಿರ ಹೋಗಲೇಬಾರದು. ಸದ್ದು ಜೋರಾದರೆ ಬೆಲ್ಟ್ ಸಡಿಲಾಗಿ ಜಾರುತ್ತಿದೆ, ಬಿಗಿ ನೋಡಬೇಕು. ಸದ್ದು ಥಟ್ಟನೆ ನಿಂತು, ನೀರು ಆರಿದ ಮೇಲೆ ಮತ್ತೆ ಬಂದರೆ ಪುಲ್ಲಿ ಸೊಟ್ಟಗಿದೆ. ಮಾಸ್ತರರ ಗಾಡಿ ಥಟ್ಟನೆ ಸುಮ್ಮನಾಯಿತು. ಅರ್ಧ ನಿಮಿಷಕ್ಕೆ ಮತ್ತೆ ಚಿಂವ್ ಚಿಂವ್.

ಎಂಜಿನ್ ಬಂದ್ ಮಾಡಿ ಬೆಲ್ಟ್ ಬಿಚ್ಚಿದೆವು. ನಮ್ಮ ಹುಡುಗನಿಗೆ “ತಮ್ಮಾ, ಒಂದೊಂದೇ ಪುಲ್ಲಿ ಕೈಲೇ ತಿರುಗಿಸು” ಅಂದೆ. ಆಲ್ಟರ್ನೇಟರ್ ಬೆಣ್ಣೆಯ ಹಾಗೆ ತಿರುಗಿತು. ಹೊಸದಲ್ವಾ! ಪಂಪೂ ಸರಿ ಇತ್ತು. ಕೆಳಗೆ ಬೆಲ್ಟಿಗೆ ದಾರಿ ತೋರಿಸುವ ಒಂದು ಸಣ್ಣ ಪುಲ್ಲಿ, ಐಡ್ಲರ್ ಅಂತಾರೆ, ಅಂಗೈಯಷ್ಟು. ಹುಡುಗ ಅದನ್ನು ಮುಟ್ಟಿದವನೇ “ಅಣ್ಣಾರ, ಇದು ಕರಕರ ಅಂತೈತ್ರಿ” ಅಂದ. ನಾನು ಎರಡು ಬೆರಳಲ್ಲಿ ಹಿಡಿದು ಅಲುಗಾಡಿಸಿದೆ. ಬೀಳುವ ಹಲ್ಲಿನ ಹಾಗೆ ಅಲ್ಲಾಡಿತು. ಒಳಗಿನ ಬೇರಿಂಗಿನಲ್ಲಿ ಗ್ರೀಸ್ ಅನ್ನುವುದೇ ಇರಲಿಲ್ಲ, ಎರಿ ಮಣ್ಣಿನ ಧೂಳು ತುಂಬಿತ್ತು. ಬೇರಿಂಗ್ ಹೋಗಿ ಪುಲ್ಲಿ ವಾಲಿದೆ, ವಾಲಿದ ಪುಲ್ಲಿ ಬೆಲ್ಟನ್ನು ಬದಿಗೆ ಎಳೆದಿದೆ. ಹೊಸ ಬೆಲ್ಟ್ ಎಂಟು ದಿನ ತಾಳಿಕೊಂಡಿದೆ, ಆಮೇಲೆ ಅದೂ ಕೂಗಿದೆ. ಆಲ್ಟರ್ನೇಟರಿನ ಬೆಲೆಯ ಮುಂದೆ ಆ ಪುಲ್ಲಿ ಚಿಲ್ಲರೆ ಕಾಸು. ಮಾಸ್ತರರು ಅದನ್ನು ಕೈಯಲ್ಲಿ ತಿರುಗಿಸುತ್ತಾ ಬಹಳ ಹೊತ್ತು ಕೂತಿದ್ದರು. ಗಾಡಿಯನ್ನು ಯಾರೂ ಮೊದಲು ಕೇಳಿಸಿಕೊಳ್ಳಲೇ ಇಲ್ಲ. ನನಗೆ ಸಿಟ್ಟು ಬರುವುದು ಇದಕ್ಕೇ.

ಎಂಜಿನ್ ತೊಳೆಸುವಾಗ ಜೋರು ನೀರನ್ನು ನೇರವಾಗಿ ಪುಲ್ಲಿಗಳಿಗೆ ಬಿಡಿಸಬೇಡಿ, ಗ್ರೀಸ್ ತೊಳೆದು ಹೋಗುತ್ತದೆ. ಬೆಲ್ಟಿಗೆ ಸೋಪು ಉಜ್ಜುವುದು, ಅಂಗಡಿಯ ಸ್ಪ್ರೇ ಹೊಡೆಯುವುದು, ಕೈಮುಗಿದು ಕೇಳುತ್ತೇನೆ, ಬಿಡಿ. ಸದ್ದು ಅಡಗುತ್ತದೆ, ರೋಗ ಅಡಗುವುದಿಲ್ಲ. ಪಂಪು ತಿರುಗಿಸುವ ಬೆಲ್ಟ್ ದಾರಿಯಲ್ಲಿ ಹರಿದರೆ ಎಂಜಿನ್ ಕಾಯ್ದು ನಿಲ್ಲುತ್ತದೆ. ಬೇಸಿಗೆಯಲ್ಲಿ ಬಂಕಾಪುರದ ಹತ್ತಿರ ಹೈವೇ ಮೇಲೆ ಮಕ್ಕಳನ್ನು ಕೂರಿಸಿಕೊಂಡು ನಿಂತರೆ ಹೇಗಿರುತ್ತೆ, ನೀವೇ ಯೋಚಿಸಿ.

ಸಮಯ ಮುಗೀತಾ ಬಂತು ಅಂತ ಗಾಜಿನ ಆಚೆಯಿಂದ ಕೈ ಮಾಡುತ್ತಿದ್ದಾರೆ. ಉಳಿದದ್ದು ಬೇಗ ಹೇಳುತ್ತೇನೆ. ಆಯಿಲಿನ ಪವರ್ ಸ್ಟೀರಿಂಗ್ ಇರುವ ಗಾಡಿ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಕೊರಗಿದರೆ ಆ ಆಯಿಲ್ ಇಳಿದಿದೆಯಾ ನೋಡಿಸಿ. ಡೀಸೆಲ್ ಗಾಡಿ ಏರು ಹತ್ತುವಾಗ ಸಿಳ್ಳೆ ಜೋರಾಗಿ, ಎಳೆತ ಕಡಿಮೆಯಾಗಿ, ಕರಿ ಹೊಗೆ ಬಂದರೆ ಎಂಜಿನ್ನಿಗೆ ಗಾಳಿ ನೂಕುವ ಟರ್ಬೋದ ಪೈಪು ಸೀಳಿದೆಯಾ ಅಂತ ಮೊದಲು ನೋಡಬೇಕು.

ಇನ್ನೊಂದು. ಗಾಡಿ ಗ್ಯಾರೇಜಿಗೆ ಬರುವಷ್ಟರಲ್ಲಿ ಬಿಸಿಯಾಗಿ ಸದ್ದು ನಿಂತಿರುತ್ತದೆ. ನಾವು ಏನು ಕೇಳಬೇಕು? ಅದಕ್ಕೇ ನಾಳೆ ಬೆಳಗ್ಗೆ ಮೊದಲ ಸಲ ಚಾಲೂ ಮಾಡುವಾಗ ಬಾನೆಟ್ ತೆರೆದಿಟ್ಟು, ಮೊಬೈಲಿನಲ್ಲಿ ಒಂದು ನಿಮಿಷ ರೆಕಾರ್ಡ್ ಮಾಡಿಕೊಳ್ಳಿ. ಎಸಿ ಹಾಕಿ ಒಮ್ಮೆ, ಆರಿಸಿ ಒಮ್ಮೆ. ಅದನ್ನು ನಿಮ್ಮ ಮಿಸ್ತ್ರಿಗೆ ಕೇಳಿಸಿ, ಆಮೇಲೆ ಅವರು ಪಾನಾ ಹಿಡಿಯಲಿ. ನಮಸ್ಕಾರ.