ಪ್ಲಾನ್ ಆಮೇಲೆ ಮಾಡ್ರಿ, ಮೊದಲು ಪಾಸ್‌ಪೋರ್ಟ್ ಮಾಡಿಸ್ರಿ!

ನಮಸ್ಕಾರ ರೀ ಎಲ್ಲರಿಗೂ. ಇವತ್ತು ಬೇರೆ ವಿಷಯ ಇತ್ತು, ಅದನ್ನು ಪಕ್ಕಕ್ಕಿಟ್ಟಿದ್ದೇನೆ. ಯಾಕೆ ಅಂದರೆ ಹೋದ ವಾರದ ವೀಡಿಯೊ ಕೆಳಗೆ ಒಬ್ಬರು ಹೀಗೆ ಬರೆದಿದ್ದಾರೆ. "ಅಣ್ಣಾ, ಬಗಲಾಗ ಹಂಪಿ ಐತಿ, ಡ್ಯಾಮ್ ಐತಿ, ಅಂಜನಾದ್ರಿ ಐತಿ. ಇದನ್ನೆಲ್ಲಾ ಬಿಟ್ಟು ದೋಸ್ತರನ್ನ ಕಟ್ಕೊಂಡು ಫಾರಿನ್ ಯಾಕ ಹೋಗಬೇಕು? ರೊಕ್ಕ ಜಾಸ್ತಿ ಆಗೇತೇನು?" ಅದಕ್ಕೆ ಲೈಕ್ ಕೊಟ್ಟವರಲ್ಲಿ ಬಹಳ ಜನ ನಮ್ಮ ಕೊಪ್ಪಳ, ಗಂಗಾವತಿ, ಸಿಂಧನೂರು ಕಡೆಯ ಹುಡುಗರೇ. ಅದೇ ನನಗೆ ಸಿಟ್ಟು ತರಿಸಿದ್ದು.

ಹಂಪಿ ಐತಿ. ಇಲ್ಲ ಅಂದವರು ಯಾರು? ಆದರೆ ಹಂಪಿ ಹೇಗಿತ್ತು ಅಂತ ನಮಗೆ ಹೇಳಿದವರು ಯಾರು, ಯೋಚನೆ ಮಾಡಿ. 1443ರಲ್ಲಿ ಅಬ್ದುಲ್ ರಜಾಕ್ ಬಂದ. ಎಲ್ಲಿಂದ? ಈಗಿನ ಅಫ್ಘಾನಿಸ್ತಾನದಲ್ಲಿರುವ ಹೆರಾತ್‌ನಿಂದ. 1520ರ ಸುಮಾರಿಗೆ ಪೋರ್ಚುಗಲ್‌ನ ಡೊಮಿಂಗೊ ಪಾಯಸ್ ಬಂದ. ಆಮೇಲೆ ಕುದುರೆ ವ್ಯಾಪಾರದ ನೂನಿಜ್ ಬಂದ. "ನಮ್ಮೂರಲ್ಲೇ ನದಿ ಐತಿ, ಗುಡ್ಡ ಐತಿ, ಅಷ್ಟು ದೂರ ಯಾಕ ಹೋಗಬೇಕು" ಅಂತ ಅವರೂ ಕಟ್ಟೆ ಮೇಲೆ ಕೂತಿದ್ದರೆ, ವಿಜಯನಗರದ ಬಜಾರು ಹೇಗಿತ್ತು, ಮಹಾನವಮಿ ಹೇಗೆ ಆಗುತ್ತಿತ್ತು ಅಂತ ನಮಗೆ ಇಷ್ಟು ಗೊತ್ತಾಗುತ್ತಿತ್ತಾ? ಹಂಪಿಯ ಹೆಸರು ಹೇಳಿಕೊಂಡು ಮನೆ ಬಿಡಬೇಡ ಅನ್ನುವುದು ಹಂಪಿಗೇ ಮಾಡುವ ಅನ್ಯಾಯ.

ಹಳೆಯ ಮಾತು ಬಿಡಿ. ಚಳಿಗಾಲದಲ್ಲಿ ಹಂಪಿ ಹತ್ತಿರದ ಸಣಾಪುರಕ್ಕೆ ಹೋಗಿ ನೋಡಿ. ನವೆಂಬರ್‌ನಿಂದ ಫೆಬ್ರವರಿವರೆಗೆ ಅಲ್ಲಿ ಬಂಡೆ ಹತ್ತೋಕೆ ಅಂತಲೇ ಬರುತ್ತಾರೆ. ಯುರೋಪಿನವರು, ಇಸ್ರೇಲಿನವರು, ಇಪ್ಪತ್ತು ಇಪ್ಪತ್ತೆರಡು ವರ್ಷದ ಹುಡುಗ ಹುಡುಗಿಯರು. ಬಿದ್ದರೆ ಪೆಟ್ಟಾಗಬಾರದು ಅಂತ ದಪ್ಪ ಪ್ಯಾಡ್ ಬೆನ್ನಿಗೆ ಕಟ್ಟಿಕೊಂಡು ಗದ್ದೆ ಬದುವಿನ ಮೇಲೆ ನಡೆಯುತ್ತಿರುತ್ತಾರೆ. ಒಬ್ಬ ಹತ್ತುತ್ತಾನೆ, ಉಳಿದವರು ಕೆಳಗೆ ಕೈ ಚಾಚಿ ನಿಂತಿರುತ್ತಾರೆ. ಅವರೂ ದೋಸ್ತರ ಗುಂಪೇ ಅಲ್ವಾ? ಅವರೆಲ್ಲ ಕೋಟ್ಯಧಿಪತಿಗಳಲ್ಲ. ಹೋಟೆಲಲ್ಲಿ ತಟ್ಟೆ ತೊಳೆದು ದುಡ್ಡು ಕೂಡಿಸಿ ಬಂದವರ ಜೊತೆ ನಾನೇ ಕೂತು ಚಹಾ ಕುಡಿದಿದ್ದೇನೆ. ಬಂಡೆ ನಮ್ಮದು. ಆದರೆ ಆ ಹುಡುಗರ ಬ್ಯಾಗಿನಲ್ಲಿ ಒಂದು ಪುಸ್ತಕ ಇದೆ, ನಮ್ಮ ಹುಡುಗರ ಮನೆಯಲ್ಲಿ ಅದು ಇಲ್ಲ. ಪಾಸ್‌ಪೋರ್ಟ್!

ಇವತ್ತು ನಾನು ಹೇಳುವುದು ಇದೊಂದೇ. ದೋಸ್ತರ ಜೊತೆ ಹೊರದೇಶಕ್ಕೆ ಹೋಗುವ ಆಸೆ ಇದ್ದರೆ ಪ್ಲಾನ್ ಮಾಡಬೇಡಿ. ಗ್ರೂಪ್ ಮಾಡಬೇಡಿ. ಯಾವ ದೇಶ ಅಂತ ಜಗಳ ಆಡಬೇಡಿ. ಮೊದಲು ಎಲ್ಲರೂ ಪಾಸ್‌ಪೋರ್ಟ್ ಮಾಡಿಸಿ.

ನಮ್ಮ ಕಡೆ ಫಾರಿನ್ ಪ್ಲಾನ್ ಹೇಗೆ ಹುಟ್ಟುತ್ತದೆ ಹೇಳಿ? ಸಂಜೆ ಮಿರ್ಚಿ ಮಂಡಕ್ಕಿ ಮುಂದೆ. ಒಬ್ಬ ಯಾವುದೋ ರೀಲ್ ತೋರಿಸುತ್ತಾನೆ. "ಲೇ, ಹೋಗೂಣೇನ್ಲೇ?" "ಹೋಗೂಣು!" ಅವತ್ತೇ ರಾತ್ರಿ ವಾಟ್ಸಾಪ್ ಗ್ರೂಪ್ ಆಗುತ್ತದೆ. ಗ್ರೂಪಿಗೆ ವಿಮಾನದ ಫೋಟೊ. ಮೂರು ದಿನ ಭಾರೀ ಜೋರು. ನಾಲ್ಕನೇ ದಿನ ಯಾರೋ ಕೇಳುತ್ತಾರೆ, ಯಾರ್ಯಾರ ಹತ್ತಿರ ಪಾಸ್‌ಪೋರ್ಟ್ ಐತಿ? ಗ್ರೂಪ್ ಸೈಲೆಂಟ್. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಸುವವನು ಆರ್ಡರ್ ಐತಿ ಅನ್ನುತ್ತಾನೆ. ರೈಸ್ ಮಿಲ್‌ನವನು ಸುಗ್ಗಿ ಮುಗೀಲಿ ಅನ್ನುತ್ತಾನೆ. ಆರು ತಿಂಗಳಾದ ಮೇಲೆ ಆ ಗ್ರೂಪಿನಲ್ಲಿ ಬರೀ ಗುಡ್ ಮಾರ್ನಿಂಗ್ ಬರುತ್ತದೆ. ಹೌದಲ್ವಾ? ನಗುತ್ತಿದ್ದೀರಿ ಅಂದರೆ ನಿಮ್ಮ ಗ್ರೂಪೂ ಅದೇ ಅಂತ ಆಯಿತು. ಈ ವೀಡಿಯೊ ಈಗಲೇ ಆ ಗ್ರೂಪಿಗೆ ಕಳಿಸಿ. ಹಾಗೇ ಸಬ್‌ಸ್ಕ್ರೈಬ್ ಮಾಡಿ. ನೋಡುವವರು ಜಾಸ್ತಿ, ಸಬ್‌ಸ್ಕ್ರೈಬ್ ಮಾಡಿದವರು ಕಡಿಮೆ.

ಖರ್ಚು ಎಷ್ಟು? 36 ಪುಟದ ಪಾಸ್‌ಪೋರ್ಟ್‌ಗೆ 1,500 ರೂಪಾಯಿ ಫೀಸು. ದೊಡ್ಡವರಿಗೆ ಹತ್ತು ವರ್ಷ ನಡೆಯುತ್ತದೆ. ವರ್ಷಕ್ಕೆ 150 ರೂಪಾಯಿ ಬಿತ್ತು. ಮೊದಲೆಲ್ಲ ಇದಕ್ಕೆ ದೊಡ್ಡ ಊರಿಗೇ ಅಲೆಯಬೇಕಿತ್ತು. 2017ರ ಜನವರಿಯಲ್ಲಿ ಮೈಸೂರಿನ ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವಾ ಕೇಂದ್ರ ಶುರುವಾಯಿತು, ಆಮೇಲೆ ಬೇರೆ ಬೇರೆ ಜಿಲ್ಲೆಗಳಿಗೂ ಬಂತು. ಆನ್‌ಲೈನ್‌ನಲ್ಲಿ ಅರ್ಜಿ ಹಾಕುವಾಗ ನಿಮಗೆ ಯಾವ ಕೇಂದ್ರ ಹತ್ತಿರ ಅಂತ ಅದೇ ತೋರಿಸುತ್ತದೆ.

ಆದರೆ ಒಂದು ಕಡೆ ನಮ್ಮವರು ಸಿಕ್ಕಿಹಾಕಿಕೊಳ್ಳುತ್ತಾರೆ. ಹೆಸರು! ಇದನ್ನು ಸ್ವಲ್ಪ ನಿಧಾನವಾಗಿ ಕೇಳಿ. ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡಿನಲ್ಲಿ "ಎಚ್. ಮಂಜುನಾಥ". ಆಧಾರ್‌ನಲ್ಲಿ "ಮಂಜುನಾಥ ಹನುಮಂತಪ್ಪ". ಪ್ಯಾನ್‌ನಲ್ಲಿ ಬರೀ "ಮಂಜುನಾಥ". ಮೂರೂ ಒಬ್ಬನೇ ಮನುಷ್ಯ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಅರ್ಜಿಯಲ್ಲಿ ಹೆಸರಿಗೆ ಒಂದು ಕಾಲಂ, ಸರ್‌ನೇಮ್‌ಗೆ ಒಂದು ಕಾಲಂ. ನಮ್ಮಲ್ಲಿ ಬಹಳ ಜನ ಸರ್‌ನೇಮ್ ಖಾಲಿ ಬಿಟ್ಟು ಬರುತ್ತಾರೆ. 2022ರ ನವೆಂಬರ್‌ನಲ್ಲಿ ದುಬೈ, ಅಬುಧಾಬಿ ಇರುವ ಯುಎಇ ಏನು ಹೇಳಿತು ಗೊತ್ತಾ? ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರು ಇದ್ದರೆ ಟೂರಿಸ್ಟ್ ವೀಸಾದ ಮೇಲೆ ಒಳಗೆ ಬಿಡುವುದಿಲ್ಲ ಅಂತ. ಕೊನೆಯ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಪರವಾಗಿಲ್ಲ ಅಂತ ಆಮೇಲೆ ಸಡಿಲ ಮಾಡಿದರು. ಟಿಕೆಟ್ ತೆಗೆದ ಮೇಲೆ ಈ ತಲೆನೋವು ಯಾಕೆ? ಮೊದಲೇ ದಾಖಲೆ ಎಲ್ಲ ಒಂದೇ ಥರ ಮಾಡಿಸಿಕೊಳ್ಳಿ. ಹತ್ತನೇ ಪಾಸಾಗಿದ್ದರೆ ಮಾರ್ಕ್ಸ್ ಕಾರ್ಡ್ ಕೊಡುವುದನ್ನು ಮರೆಯಬೇಡಿ. ಕೊಡದಿದ್ದರೆ ಪಾಸ್‌ಪೋರ್ಟ್‌ನಲ್ಲಿ ಇಸಿಆರ್, ಅಂದರೆ ದುಡಿಯಲು ಹೊರದೇಶಕ್ಕೆ ಹೋಗುವಾಗ ತಪಾಸಣೆ ಬೇಕು ಅನ್ನುವ ಗುರುತು, ಬರಬಹುದು. ಟೂರಿಗೆ ಅದು ಅಡ್ಡಿ ಅಲ್ಲ. ಆದರೆ ನಾಳೆ ಗಲ್ಫ್‌ಗೆ ದುಡಿಯಲು ಹೋಗಬೇಕಾದರೆ ಬೇರೆ ಅನುಮತಿ ಕೇಳುತ್ತಾರೆ.

ಇನ್ನೊಂದು. ಬೆಂಗಳೂರಲ್ಲಿ ಕೆಲಸ, ಆಧಾರ್ ಮಾನ್ವಿದು. ಅರ್ಜಿಯಲ್ಲಿ ಮಾನ್ವಿ ವಿಳಾಸ ಕೊಡುತ್ತಾರೆ. ಪೊಲೀಸರು ಪರಿಶೀಲನೆಗೆ ಬಂದಾಗ ಮನೆಯಲ್ಲಿ ಅಜ್ಜಿ ಒಬ್ಬರೇ. "ಅವ ಇಲ್ಲಿ ಇರಂಗಿಲ್ರೀ" ಅಂತ ಅಜ್ಜಿ ಇದ್ದದ್ದು ಇದ್ದಂಗೆ ಹೇಳುತ್ತಾರೆ. ಫೈಲು ಅಲ್ಲೇ ನಿಲ್ಲುತ್ತದೆ. ನೀವು ನಿಜವಾಗಿ ಎಲ್ಲಿದ್ದೀರೋ ಆ ವಿಳಾಸ ಕೊಡಿ, ಅದಕ್ಕೆ ದಾಖಲೆ ಇಟ್ಟುಕೊಳ್ಳಿ.

ಪಾಸ್‌ಪೋರ್ಟ್ ಇದೆ ಅನ್ನುವವರು ಜಾಸ್ತಿ ಖುಷಿಪಡಬೇಡಿ. ತೆಗೆದು ತಾರೀಖು ನೋಡಿ. ನಮ್ಮ ಗೆಳೆಯ ಒಬ್ಬ, ಗಂಗಾವತಿಯವನು. ಎಲ್ಲರೂ ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಇಳಿದು ಏರ್‌ಪೋರ್ಟ್ ಸೇರಿದೆವು. ಮಲೇಷ್ಯಾ ಟಿಕೆಟ್. ಕೌಂಟರಿನಲ್ಲಿದ್ದ ಹುಡುಗಿ ಅವನ ಪಾಸ್‌ಪೋರ್ಟ್ ತಿರುಗಿಸಿ ನೋಡಿದರು, ಬೆರಳಲ್ಲಿ ತಿಂಗಳು ಎಣಿಸಿದರು, ವಾಪಸ್ ಕೊಟ್ಟರು. ಮಲೇಷ್ಯಾಕ್ಕೆ ಕಾಲಿಡುವ ದಿನದಿಂದ ಇನ್ನೂ ಆರು ತಿಂಗಳ ಅವಧಿ ಇರಬೇಕು. ಅವನದು ಐದು ಚಿಲ್ಲರೆ ಇತ್ತು. ಅವರಮ್ಮ ಕಟ್ಟಿ ಕೊಟ್ಟ ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ಅವನ ಬ್ಯಾಗಿನಲ್ಲೇ ಇತ್ತು. ಅದನ್ನು ತೆಗೆದು ನಮ್ಮ ಕೈಗೆ ಕೊಟ್ಟು, "ನೀವು ಹೋಗ್ರಿ" ಅಂದ. ನಮಗೆ ಯಾರಿಗೂ ಮಾತೇ ಬರಲಿಲ್ಲ. ಕೌಲಾಲಂಪುರದಲ್ಲಿ ಆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಈಗ ಗೊತ್ತಾಯ್ತಾ ನಾನು ಯಾಕೆ ಹೀಗೆ ಬಡಿದುಕೊಳ್ಳುತ್ತೇನೆ ಅಂತ? ಮೊದಲು ಪಾಸ್‌ಪೋರ್ಟ್!

ಈಗ ಬುದ್ಧಿವಂತರು ಬರುತ್ತಾರೆ. "ನೇಪಾಳಕ್ಕೆ ಪಾಸ್‌ಪೋರ್ಟ್ ಬೇಡ್ವಲ್ಲಣ್ಣಾ!" ಬೇಡ. ವೋಟರ್ ಐಡಿ ಸಾಕು. ಆದರೆ ನೀವು ಹಿಡಿದುಕೊಂಡು ಹೋಗುವುದು ಆಧಾರ್! ನೇಪಾಳಕ್ಕೆ 15ಕ್ಕಿಂತ ಚಿಕ್ಕವರು, 65 ದಾಟಿದವರು ಬಿಟ್ಟು ಬೇರೆಯವರಿಗೆ ಆಧಾರ್ ನಡೆಯುವುದಿಲ್ಲ. ನೇಪಾಳ, ಭೂತಾನ್ ಎರಡೇ ಸಾಕು ಅನ್ನುವವರಿಗೆ ಒಳ್ಳೆಯದಾಗಲಿ. ನಾನು ಮಾತಾಡುತ್ತಿರುವುದು ಉಳಿದ ಇಡೀ ಪ್ರಪಂಚದ ಬಗ್ಗೆ.

"ವೀಸಾ ಸಿಗಲ್ಲ" ಅಂತಾರೆ. 2023ರ ನವೆಂಬರ್‌ನಲ್ಲಿ ಥಾಯ್ಲೆಂಡ್, ಡಿಸೆಂಬರ್‌ನಲ್ಲಿ ಮಲೇಷ್ಯಾ ನಮ್ಮವರಿಗೆ ವೀಸಾ ಬೇಡ ಅಂದವು. ವಿಯೆಟ್ನಾಂ ಇ-ವೀಸಾ ಮನೆಯಲ್ಲೇ ಕೂತು ಹಾಕಬಹುದು, ಒಂದು ಸಲದ್ದಕ್ಕೆ 25 ಡಾಲರ್. ನಿಯಮ ಬದಲಾಗುತ್ತಿರುತ್ತವೆ, ಟಿಕೆಟ್‌ಗೆ ಮುಂಚೆ ಆಯಾ ದೇಶದ ಸರ್ಕಾರಿ ವೆಬ್‌ಸೈಟ್ ನೋಡಿಕೊಳ್ಳಿ. ಆದರೆ ವೀಸಾ ಅಂಟಿಸಲಿ, ಮುದ್ರೆ ಒತ್ತಲಿ, ಎಲ್ಲಿ ಒತ್ತುತ್ತಾರೆ? ನಿಮ್ಮ ಹಣೆ ಮೇಲಾ?

"ಇಂಗ್ಲಿಷ್ ಬರಲ್ಲ" ಅಂತಾರೆ. ಹನೋಯಿಯ ಬೀದಿಯಲ್ಲಿ ನೂಡಲ್ಸ್ ಮಾರುವ ಅಜ್ಜಿಗೂ ಬರುವುದಿಲ್ಲ. ಕೈ ಸನ್ನೆಯಲ್ಲೇ ವ್ಯಾಪಾರ ಮುಗಿಯುತ್ತದೆ.

"ಒಬ್ಬನೇ ಹೋಗಬಹುದಲ್ಲ, ಗುಂಪು ಯಾಕೆ?" ಇದು ಸ್ವಲ್ಪ ಒಳ್ಳೆಯ ಪ್ರಶ್ನೆ. ಒಬ್ಬನೇ ಇದ್ದಾಗ ಭಯ ಗೆಲ್ಲುತ್ತದೆ. ನೇಪಾಳದ ಪೊಖರಾದಲ್ಲಿ ಸಾರಂಗಕೋಟ್ ಗುಡ್ಡದಿಂದ ಪ್ಯಾರಾಗ್ಲೈಡಿಂಗ್ ಮಾಡಿಸುತ್ತಾರೆ, ಕೆಳಗೆ ಫೇವಾ ಸರೋವರ. ಬೆಲ್ಟ್ ಕಟ್ಟಿದ ಮೇಲೆ ಪೈಲಟ್ ಹಿಂದಿನಿಂದ "ಓಡು, ಓಡು, ನಿಲ್ಲಬೇಡ" ಅನ್ನುತ್ತಿರುತ್ತಾನೆ. ಎದುರಿಗೆ ನೆಲ ಮುಗಿದಿರುತ್ತದೆ! ನಮ್ಮ ಸಿಂಧನೂರಿನ ಗೆಳೆಯ ಕಾಲು ಊರಿ ನಿಂತುಬಿಟ್ಟ. ಹಿಂದೆ ಇದ್ದವರೆಲ್ಲ ಸೇರಿ "ಓಡಲೇ, ಮಗನೇ!" ಅಂತ ಕೂಗಿದರು. ಓಡಿದ. ಇಳಿದ ಮೇಲೆ ಅವನ ಮುಖ ನೋಡಬೇಕಿತ್ತು. ಒಬ್ಬನೇ ಇದ್ದಿದ್ದರೆ ಬೆಲ್ಟ್ ಬಿಚ್ಚಿಸಿಕೊಂಡು ಜೀಪ್ ಹತ್ತುತ್ತಿದ್ದ.

ಸ್ಕೂಬಾ ಡೈವಿಂಗ್ ಕಲಿಯಲು ಥಾಯ್ಲೆಂಡಿನ ಕೊ ತಾವೊ ದ್ವೀಪಕ್ಕೆ ಪ್ರಪಂಚದ ಎಲ್ಲ ಕಡೆಯಿಂದ ಬರುತ್ತಾರೆ. ಅಲ್ಲೂ ಜೋಡಿ ಪದ್ಧತಿ. ನೀರಿಗಿಳಿಯುವ ಮುಂಚೆ ನಿನ್ನ ಗಾಳಿಯ ಸಿಲಿಂಡರ್ ನಿನ್ನ ಜೋಡಿಯವನು ನೋಡಬೇಕು, ಅವನದು ನೀನು ನೋಡಬೇಕು. ಒಂದು ಮಾತು, ಡೈವ್ ಮಾಡಿದ ಮಾರನೇ ಬೆಳಿಗ್ಗೆಗೇ ವಿಮಾನ ಹಿಡಿಯಬೇಡಿ. ಒಂದಕ್ಕಿಂತ ಜಾಸ್ತಿ ಸಲ ಇಳಿದಿದ್ದರೆ ಕನಿಷ್ಠ 18 ತಾಸು ಬಿಡಬೇಕು. ರಕ್ತದಲ್ಲಿ ಸೇರಿದ ನೈಟ್ರೋಜನ್ ಹೊರಗೆ ಹೋಗಲು ಸಮಯ ಬೇಕು.

ಬೈಕ್ ಹುಡುಗರೇ, ನಿಮಗೂ ಇದೆ. ವಿಯೆಟ್ನಾಂನ ಹಾ ಜಾಂಗ್ ಘಾಟಿನ ರೀಲ್ ನೋಡಿ ಹುಚ್ಚೆದ್ದು ಕುಣಿಯುತ್ತೀರಿ. ನಮ್ಮ ಆರ್‌ಟಿಒ ಕೊಡುವ ಇಂಟರ್‌ನ್ಯಾಷನಲ್ ಪರ್ಮಿಟ್ 1949ರ ಒಪ್ಪಂದದ್ದು. ವಿಯೆಟ್ನಾಂ ಒಪ್ಪುವುದು 1968ರ ಒಪ್ಪಂದದ್ದನ್ನು. ನಮ್ಮದು ಅಲ್ಲಿ ನಡೆಯುವುದಿಲ್ಲ. ಬಿದ್ದರೆ ಇನ್ಶೂರೆನ್ಸ್‌ನವರು ಕೈ ಎತ್ತುತ್ತಾರೆ. ಅಲ್ಲಿಯವರೇ ಬೈಕ್ ಓಡಿಸುತ್ತಾರೆ, ಹಿಂದೆ ಕೂತು ಹೋಗಿ. ಘಾಟ್ ನೋಡಲು ಅದೇ ಚೆನ್ನ. ಬೇರೆ ದೇಶದಲ್ಲಿ ಓಡಿಸುತ್ತೇನೆ ಅಂದರೂ ಆ ಪರ್ಮಿಟ್ ಮಾಡಿಸಲು ಆರ್‌ಟಿಒದಲ್ಲಿ ಮೊದಲು ಏನು ಕೇಳುತ್ತಾರೆ? ಪಾಸ್‌ಪೋರ್ಟ್!

ಇನ್ನು ಅಕ್ಕ ತಂಗಿಯರೇ, ನಿಮಗೆ ಬೇರೆಯಾಗಿಯೇ ಹೇಳುತ್ತೇನೆ. ಮನೆಯಲ್ಲಿ ಅಣ್ಣನಿಗೆ ಪಾಸ್‌ಪೋರ್ಟ್ ಮಾಡಿಸುತ್ತಾರೆ, ತಂಗಿಗೆ "ಮದುವೆ ಆದಮೇಲೆ ಗಂಡನ ಕೂಡ ಹೋಗುವಿಯಂತ" ಅನ್ನುತ್ತಾರೆ. ನನಗೆ ಈ ಮಾತು ಕೇಳಿದರೆ ಮೈ ಉರಿಯುತ್ತದೆ. ಡಿಗ್ರಿ ಮುಗಿಸಿ ಬ್ಯಾಂಕಿನಲ್ಲಿ, ಸ್ಕೂಲಿನಲ್ಲಿ ದುಡಿಯುವ ಹುಡುಗಿಯರು ನಾಲ್ಕು ಗೆಳತಿಯರು ಸೇರಿ ಹೋಗಬಾರದಾ? ಮದುವೆಗೂ ಪಾಸ್‌ಪೋರ್ಟ್‌ಗೂ ಏನು ಸಂಬಂಧ? ಮದುವೆಯಾದ ಮೇಲೆ ಹೆಸರು ಬದಲಿಸಲೇಬೇಕು ಅಂತ ಪಾಸ್‌ಪೋರ್ಟ್ ನಿಯಮದಲ್ಲಿ ಎಲ್ಲೂ ಇಲ್ಲ. ಅಪ್ಪಂದಿರು ಯಾರಾದರೂ ನೋಡುತ್ತಿದ್ದರೆ, ಸರ್, ಮಗನ ಜೊತೆ ಮಗಳದ್ದೂ ಅರ್ಜಿ ಹಾಕಿ. ಕೈ ಮುಗಿದು ಕೇಳುತ್ತೇನೆ.

ದುಡ್ಡಿನ ಮಾತು ಬಂತು ಅಂದರೆ, ಊರಲ್ಲಿ ಚೀಟಿ ಹಾಕುತ್ತೀರಲ್ಲ, ಹಾಗೇ ಗೆಳೆಯರು ತಿಂಗಳಿಗೆ ಇಷ್ಟು ಅಂತ ಹಾಕಿ. ಅದರ ಬಗ್ಗೆ ನಮ್ಮ ಚಾನೆಲ್‌ನಲ್ಲಿ ಪೂರ್ತಿ ವೀಡಿಯೊ ಇದೆ, ನೋಡಿ. ರಾಯಚೂರಿನವರು ಹೈದರಾಬಾದ್ ಏರ್‌ಪೋರ್ಟಿನ ರೇಟೂ ನೋಡಿಕೊಳ್ಳಿ, ಬೆಂಗಳೂರಿಗಿಂತ ಹತ್ತಿರ.

ಮತ್ತೆ ಕೇಳಬೇಡಿ, ಯಾವ ದೇಶ, ಯಾವ ತಿಂಗಳು, ಎಷ್ಟು ಜನ ಅಂತ. ನಾನು ಹೇಳುವುದಿಲ್ಲ. ಕೈಯಲ್ಲಿ ಪಾಸ್‌ಪೋರ್ಟ್ ಹಿಡಿದುಕೊಂಡು ಬಂದು ಕೇಳಿ, ರಾತ್ರಿಯೆಲ್ಲಾ ಕೂತು ಹೇಳುತ್ತೇನೆ. ಇಲ್ಲದವರು ಕೇಳಬೇಡಿ. ಯಾಕೆ ಅಂತನೂ ಕೇಳಬೇಡಿ. ಸುಮ್ನೆ ಮಾಡಿಸಿ! ಹೋಗದಿದ್ದರೂ ಮಾಡಿಸಿ! ನಾಳೆ ಸೋಮವಾರ, ಫೋನ್ ತೆಗೆದು ಅರ್ಜಿ ತುಂಬಿ, ದೋಸ್ತನ ಫೋನ್ ಕಿತ್ತುಕೊಂಡು ಅವನದ್ದೂ ತುಂಬಿ.

ಮುಂದಿನ ಭಾನುವಾರ ಸಂಜೆ ಏಳಕ್ಕೆ ಲೈವ್ ಬರುತ್ತೇನೆ. ಹೆಸರು, ಇನಿಷಿಯಲ್, ವಿಳಾಸದ ತೊಂದರೆ ಇದ್ದವರು ಕೆಳಗೆ ಬರೆಯಿರಿ, ಒಂದೊಂದಾಗಿ ನೋಡೋಣ. ಆಧಾರ್ ನಂಬರ್ ಮಾತ್ರ ಕಾಮೆಂಟಿನಲ್ಲಿ ಹಾಕಬೇಡಿ. ಬರುತ್ತೇನ್ರಿ, ನಮಸ್ಕಾರ.