ನಳಿಗೆ ಉದ್ದವಾದರೆ ಗುರಿ ನೆಟ್ಟಗಾಗುತ್ತದೆಯೇ?

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಿಟ್ಟು ರೈಫಲ್ ನಳಿಗೆಯ ಬಗ್ಗೆ ಕೇಳೋಕೆ ಇಷ್ಟು ಜನ ಬರುತ್ತೀರಿ ಅಂದುಕೊಂಡಿರಲಿಲ್ಲ. ಮುಂದಿನ ಸಾಲಿನ ಎನ್‌ಸಿಸಿ ಮಕ್ಕಳು ಮಾತ್ರ ಬಂದಿಲ್ಲ, ಕರೆತರಲಾಗಿದೆ. ಅದು ನನಗೂ ಗೊತ್ತು, ನಾನೂ ಅದೇ ಸಾಲಿನಲ್ಲಿ ಕೂತವನು.

ಒಳಗೆ ಬರುವಾಗ ಒಬ್ಬಳು ಕೆಡೆಟ್ ತಡೆದು ಕೇಳಿದಳು: "ಸಾರ್, ನಳಿಗೆ ಉದ್ದ ಇದ್ದಷ್ಟೂ ಗುರಿ ಚೆನ್ನಾಗಿ ಬೀಳುತ್ತೆ ಅಲ್ವಾ?" ನಾನು ಒಂದು ಗಂಟೆ ಮಾತಾಡೋಕೆ ತಯಾರಾಗಿ ಬಂದಿದ್ದೆ. ಈ ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು ಅನ್ನಿಸಿತು.

ಹೀಗೆ ಅನ್ನಿಸುವುದಕ್ಕೆ ಮೊದಲ ಕಾರಣ ವೇಗ. ಅಡುಗೆಮನೆಯ ಊದುಗೊಳವೆಗೆ ಒಂದು ಕಡಲೆಕಾಳು ಹಾಕಿ ಊದಿ. ಕೊಳವೆ ಗೇಣುದ್ದ ಇದ್ದರೆ ಕಾಳು ಅಲ್ಲೇ ಬೀಳುತ್ತದೆ. ಮೊಳದುದ್ದ ಇದ್ದರೆ ಗೋಡೆಗೆ ಬಡಿಯುತ್ತದೆ. ಉಸಿರು ಕಾಳನ್ನು ಜಾಸ್ತಿ ಹೊತ್ತು ತಳ್ಳುತ್ತದೆ, ಅಷ್ಟೇ. ರೈಫಲ್‌ನಲ್ಲಿ ಉಸಿರಿನ ಬದಲು ಮದ್ದಿನ ಅನಿಲ. ಆದರೆ ಉಸಿರು ಖಾಲಿಯಾದ ಮೇಲೂ ಕೊಳವೆ ಮುಂದುವರಿದರೆ? ಆಗ ಕಾಳು ಉಜ್ಜಿಕೊಂಡು ನಿಧಾನವಾಗುತ್ತದೆ. ನೀವು ಕ್ಯಾಂಪಿನಲ್ಲಿ ಹೊಡೆಯುವ ಪಾಯಿಂಟ್ ಟೂ ಟೂ ಗುಂಡಿನಲ್ಲಿ ಮದ್ದು ತೀರಾ ಕಡಿಮೆ. ಸುಮಾರು 16ರಿಂದ 19 ಇಂಚಿನೊಳಗೆ ಅದರ ಆಟ ಮುಗಿಯುತ್ತದೆ. ಆಮೇಲಿನ ಉದ್ದದಿಂದ ವೇಗಕ್ಕೆ ಲಾಭವಿಲ್ಲ, ಸ್ವಲ್ಪ ನಷ್ಟವೇ.

ಇನ್ನೊಂದು ಮಾತು. ಸ್ಪರ್ಧೆಗೆ ಹೋಗುವವರು ಈ ಗುಂಡನ್ನು ಬೇಕಂತಲೇ ಶಬ್ದದ ವೇಗಕ್ಕಿಂತ ಕೆಳಗೆ ಇಡುತ್ತಾರೆ. ಶಬ್ದದ ವೇಗ ದಾಟಿ ಹೊರಟ ಗುಂಡು ದಾರಿಯಲ್ಲಿ ಮತ್ತೆ ಅದರ ಕೆಳಗೆ ಇಳಿಯುವಾಗ ತೊನೆದಾಡುತ್ತದೆ. ಅವರಿಗೆ ಬೇಕಾದ್ದು ವೇಗವಲ್ಲ, ಪ್ರತಿ ಸಲವೂ ಅದೇ ವೇಗ. ಲೆಕ್ಕ ಹಾಕಿ ನೋಡಿ. 50 ಮೀಟರ್ ದೂರಕ್ಕೆ ಒಂದು ಗುಂಡು ಸೆಕೆಂಡಿಗೆ 330 ಮೀಟರ್ ವೇಗದಲ್ಲಿ, ಇನ್ನೊಂದು 320ರಲ್ಲಿ ಹೋದರೆ ಎರಡನೆಯದು ಸುಮಾರು 7 ಮಿಲಿಮೀಟರ್ ಕೆಳಗೆ ಬೀಳುತ್ತದೆ. 50 ಮೀಟರ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ವೃತ್ತದ ಅಗಲವೇ 10.4 ಮಿಲಿಮೀಟರ್. ದೂರ 300 ಮೀಟರ್ ದಾಟಿದರೆ ಮಾತು ಬೇರೆ. ಅಲ್ಲಿ ವೇಗ ಹೆಚ್ಚಿದ್ದರೆ ಗಾಳಿ ಗುಂಡನ್ನು ಪಕ್ಕಕ್ಕೆ ಎಳೆಯುವುದು ಕಡಿಮೆ.

ಈಗ ಈ ಸ್ಟೀಲ್ ಸ್ಕೇಲ್ ನೋಡಿ. ನನ್ನ ಮೊಮ್ಮಗನದು, ವಾಪಸ್ ಕೊಡಬೇಕು. ಮೇಜಿನ ಅಂಚಿಗೆ ಒತ್ತಿ ಹಿಡಿದು 10 ಸೆಂಟಿಮೀಟರ್ ಹೊರಗೆ ಬಿಡುತ್ತೇನೆ. ಮೀಟಿದರೆ "ಟ್ರಿಣ್" ಅಂತ ಸಣ್ಣಗೆ ನಡುಗಿ ಸುಮ್ಮನಾಗುತ್ತದೆ. ಈಗ 20 ಸೆಂಟಿಮೀಟರ್ ಬಿಡುತ್ತೇನೆ. ನೋಡಿದಿರಾ, ಹೇಗೆ ತೂಗಾಡುತ್ತಿದೆ! ತುದಿಗೆ ಅದೇ ಭಾರ ಹಾಕಿ ಉದ್ದ ಎರಡರಷ್ಟು ಮಾಡಿದರೆ ಬಾಗುವುದು ಎಂಟರಷ್ಟಾಗುತ್ತದೆ. ನಳಿಗೆಯೂ ಹೀಗೇ. ಗುಂಡು ಒಳಗೆ ಓಡುವಾಗ ಅದು ನಡುಗುತ್ತದೆ. ಗುಂಡು ಹೊರಬೀಳುವ ಗಳಿಗೆಯಲ್ಲಿ ಬಾಯಿ ಎತ್ತ ತಿರುಗಿರುತ್ತದೋ ಗುಂಡು ಅತ್ತ ಹೋಗುತ್ತದೆ. ಹಾಗಾಗಿ ದಪ್ಪ ಅಷ್ಟೇ ಇದ್ದರೆ ಗಿಡ್ಡ ನಳಿಗೆಯೇ ಬಿಗಿ.

ನಮ್ಮ ಪೊಲೀಸರ ಹೆಗಲ ಮೇಲೆ ಬಹಳ ವರ್ಷ ನೋಡಿದ ತ್ರೀ ನಾಟ್ ತ್ರೀ ನೆನಪಿದೆಯಾ? ಅದರ ಪೂರ್ತಿ ಹೆಸರು ಶಾರ್ಟ್ ಮ್ಯಾಗಝೀನ್ ಲೀ ಎನ್‌ಫೀಲ್ಡ್. ಹೆಸರಿನಲ್ಲೇ ಗಿಡ್ಡ! ಹಳೆಯದರ ನಳಿಗೆ 30.2 ಇಂಚು ಇತ್ತು. 20ನೇ ಶತಮಾನದ ಶುರುವಿನಲ್ಲಿ ಬ್ರಿಟಿಷರು ಅದನ್ನು 25.2ಕ್ಕೆ ಇಳಿಸಿದರು. ಇಂಗ್ಲೆಂಡಿನ ಗುರಿಕಾರರು ಕೆಟ್ಟುಹೋಯಿತು ಅಂತ ಗಲಾಟೆ ಮಾಡಿದರು. ಮುಂದೆ ಎರಡು ಮಹಾಯುದ್ಧಗಳಲ್ಲೂ ಸೈನಿಕರ ಕೈಯಲ್ಲಿದ್ದದ್ದು ಅದೇ ಮನೆತನದ ರೈಫಲ್.

ಹಾಗಾದರೆ ಉದ್ದ ನಳಿಗೆಯವರೆಲ್ಲ ದಡ್ಡರಾ? ಅಲ್ಲ. ಅವರ ಮಾತಿನಲ್ಲೂ ನಿಜವಿದೆ, ಆದರೆ ಆ ನಿಜ ಇರುವುದು ಕಣ್ಣಿನಲ್ಲಿ. ಗುರಿ ಹಿಡಿಯೋಕೆ ಕಣ್ಣಿನ ಹತ್ತಿರ ಬ್ಯಾಕ್‌ಸೈಟ್, ನಳಿಗೆಯ ತುದಿಯಲ್ಲಿ ಫೋರ್‌ಸೈಟ್ ಇರುತ್ತದೆ. ಅವೆರಡರ ನಡುವೆ 50 ಸೆಂಟಿಮೀಟರ್ ಇದೆ ಅಂತಿಟ್ಟುಕೊಳ್ಳಿ. ಫೋರ್‌ಸೈಟ್ ಟಿಪ್ ಅರ್ಧ ಮಿಲಿಮೀಟರ್ ಪಕ್ಕಕ್ಕೆ ಸರಿದರೂ 25 ಮೀಟರ್ ದೂರದಲ್ಲಿ ಅದು 25 ಮಿಲಿಮೀಟರ್ ತಪ್ಪು. ಅದೇ ಅಂತರ 70 ಸೆಂಟಿಮೀಟರ್ ಆದರೆ ತಪ್ಪು 18ಕ್ಕೆ ಇಳಿಯುತ್ತದೆ. ಉದ್ದ ನಳಿಗೆಯಿಂದ ಚೆನ್ನಾಗಿ ಹೊಡೆದೆ ಅನ್ನುವವರಿಗೆ ಸಹಾಯ ಮಾಡಿದ್ದು ಬಹಳ ಸಲ ಇದೇ. ಮೇಲೆ ಟೆಲಿಸ್ಕೋಪ್ ಕೂರಿಸಿದರೆ ಈ ಲಾಭ ಹೋಯಿತು.

ಈಗ ಸಮಸ್ಯೆ ನೋಡಿ: ನಳಿಗೆ ಗಿಡ್ಡ ಇರಬೇಕು, ಫೋರ್‌ಸೈಟ್ ದೂರ ಇರಬೇಕು. ಶೂಟರ್‌ಗಳು ಏನು ಮಾಡಿದರು ಗೊತ್ತಾ? ಗಿಡ್ಡ ನಳಿಗೆಯ ತುದಿಗೆ ಒಂದು ಟೊಳ್ಳು ಕೊಳವೆ ಸಿಕ್ಕಿಸಿ ಅದರ ಕೊನೆಗೆ ಫೋರ್‌ಸೈಟ್ ಇಟ್ಟರು. ಗುಂಡು ಆ ಕೊಳವೆಯನ್ನು ಮುಟ್ಟುವುದೇ ಇಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದರಲ್ಲ, ಆ 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಕಾಣುವ ಬಂದೂಕುಗಳೂ ನೋಡೋಕೆ ಉದ್ದ. ಅವುಗಳಲ್ಲಿ ಬಹಳಷ್ಟರ ನಿಜವಾದ ನಳಿಗೆ ಸುಮಾರು 42 ಸೆಂಟಿಮೀಟರ್, ಮಿಕ್ಕಿದ್ದು ಹೊದಿಕೆ. ಇದು ನನಗೆ ಬಹಳ ಇಷ್ಟವಾದ ಜಾಣತನ.

ನನ್ನದೇ ಒಂದು ಕತೆ ಹೇಳಿಬಿಡುತ್ತೇನೆ. ಕೆಡೆಟ್ ಆಗಿದ್ದಾಗ ಒಂದು ಕ್ಯಾಂಪಿನಲ್ಲಿ ನನ್ನ ಗ್ರೂಪ್, ಅಂದರೆ ಟಾರ್ಗೆಟ್ ಮೇಲೆ ಬಿದ್ದ ಗುಂಡಿನ ಗುರುತುಗಳು, ರಾಗಿ ಚೆಲ್ಲಿದ ಹಾಗೆ ಹರಡಿತ್ತು. ಪಕ್ಕದವನದು ಐದು ಗುಂಡೂ ಒಂದು ರೂಪಾಯಿ ನಾಣ್ಯದಡಿ. ರೈಫಲ್ ಅದಲುಬದಲು ಮಾಡಿದೆವು. ನನ್ನದು ಕೂಡಿಕೊಂಡಿತು, ಅವನದು ಚೆಲ್ಲಿತು. ಎರಡೂ ಒಂದೇ ಉದ್ದದ ರೈಫಲ್. ಹವಾಲ್ದಾರರು ನಳಿಗೆಯ ಬಾಯಿಯನ್ನು ಬಿಸಿಲಿಗೆ ಹಿಡಿದು ತೋರಿಸಿದರು. ನಳಿಗೆ ಒರೆಸೋಕೆ ಚಿಂದಿ ಕಟ್ಟಿದ ಪುಲ್‌ಥ್ರೂ ಹಗ್ಗವನ್ನು ವರ್ಷಗಟ್ಟಲೆ ಓರೆಯಾಗಿ ಎಳೆದೆಳೆದು ಬಾಯಿಯ ಒಂದು ಅಂಚು ಸವೆದಿತ್ತು, ನಮ್ಮೂರ ಬಾವಿಕಟ್ಟೆಯ ಕಲ್ಲಿನ ಹಾಗೆ. ಗುಂಡು ಹೊರಬರುವಾಗ ಸವೆದ ಕಡೆಯಿಂದ ಅನಿಲ ಮೊದಲು ನುಗ್ಗಿ ಅದರ ಬುಡವನ್ನು ಪಕ್ಕಕ್ಕೆ ತಳ್ಳುತ್ತದೆ. ತುಮಕೂರಿನ ಎಚ್‌ಎಂಟಿ ಕಾರ್ಖಾನೆಯಲ್ಲಿ ವಾಚ್ ಮಾಡಿದವರು ಇಲ್ಲಿ ಯಾರಾದರೂ ಇದ್ದರೆ, ಕೂದಲೆಳೆಯಷ್ಟು ಅಂಚಿನ ಬೆಲೆ ಏನು ಅಂತ ಅವರಿಗೆ ನಾನು ಹೇಳಬೇಕಾಗಿಲ್ಲ.

ಮೇಜಿನ ಮೇಲೆ ಎರಡು ಪೈಪ್ ತುಂಡು ಇಟ್ಟಿದ್ದೇನೆ. ಗಾಬರಿ ಬೇಡ, ನೀರಿನ ಪೈಪು. ಒಂದರ ಬಾಯಿಯನ್ನು ಲೇತ್‌ನಲ್ಲಿ ನಯ ಮಾಡಿಸಿದ್ದೇನೆ, ಇನ್ನೊಂದರಲ್ಲಿ ಕತ್ತರಿಸಿದಾಗ ಎದ್ದ ಲೋಹದ ಸಣ್ಣ ಮುಳ್ಳನ್ನು ಬೇಕಂತಲೇ ಬಿಟ್ಟಿದ್ದೇನೆ. ಕಣ್ಣಿಗೆ ಎರಡೂ ಒಂದೇ. ಪಕ್ಕದಲ್ಲಿ ಕಿವಿಗೆ ಹಾಕುವ ಹತ್ತಿಕಡ್ಡಿ ಇದೆ. ಬಾಯಿಯ ಸುತ್ತ ಮೆಲ್ಲಗೆ ಆಡಿಸಿ, ಹತ್ತಿ ಎಲ್ಲಿ ಸಿಕ್ಕಿಕೊಳ್ಳುತ್ತದೋ ಅಲ್ಲಿದೆ ಮುಳ್ಳು. ಪ್ರಶ್ನೆ ಕೇಳಿದ ಹುಡುಗಿ ಎಲ್ಲಿ? ನೀನೇ ಮೊದಲು ಬಾಮ್ಮ.